ಕಂಬಿ ಮೇಲೋ, ಕೆಳಗೋ

ಹಳೆಯ ಮನೆಯ ನಡುಕೋಣೆಯಲ್ಲಿ ಕೂತು ಏನೋ ಲೆಕ್ಕ ಬರೆಯುತ್ತಿದ್ದೆ. ಚಾವಣಿಯಿಂದ ಅಂಗೈಯಗಲದ ಚಕ್ಕೆಯೊಂದು ಕಳಚಿ ನನ್ನಿಂದ ಒಂದು ಮೊಳ ದೂರಕ್ಕೆ ಬಿತ್ತು. ತಲೆ ಎತ್ತಿ ನೋಡಿದರೆ ಬಿದ್ದ ಜಾಗದಲ್ಲಿ ಕಂದುಗೆಂಪು ಬಣ್ಣದ ಕಂಬಿ ಕಾಣುತ್ತಿತ್ತು. ಸ್ಟೂಲ್ ಹತ್ತಿ ಮುಟ್ಟಿದೆ, ಪದರ ಪದರವಾಗಿ ಉದುರಿತು. ಅಲ್ಲಿಯವರೆಗೆ ಒಳಗೆ ಕಂಬಿ ಇಟ್ಟು ಹೊಯ್ದ ಕಾಂಕ್ರೀಟ್, ಆರ್‌ಸಿಸಿ, ಎಂದರೆ ಕಲ್ಲಿಗಿಂತ ಒಂದು ಕೈ ಮಿಗಿಲು, ಒಮ್ಮೆ ಹಾಕಿದರೆ ಮುಗಿಯಿತು ಎಂದೇ ನಂಬಿದ್ದವನು ನಾನು. ಆ ಚಕ್ಕೆಯನ್ನು ಬಿಸಾಡದೆ ಕಿಟಕಿಯ ಕಟ್ಟೆ ಮೇಲೆ ಇಟ್ಟುಕೊಂಡೆ.

ಮನೆಯನ್ನು ಕೆಡವಿ ಹೊಸದಾಗಿ ಕಟ್ಟುವುದೆಂದು ತೀರ್ಮಾನವಾದಾಗ ನಕ್ಷೆ, ಲೆಕ್ಕಾಚಾರ ಎಲ್ಲ ಅಕ್ಕನ ಮಗಳ ಪಾಲಿಗೆ ಬಂತು. ಅವಳು ಸ್ಟ್ರಕ್ಚರಲ್ ಎಂಜಿನಿಯರ್. ಮೊದಲ ದಿನವೇ ನಾನು ಅವಳಿಗೆ ಒಂದು ಮಾತು ಹೇಳಿದೆ: "ನೋಡಮ್ಮ, ಕಬ್ಬಿಣಕ್ಕೆ ಕೈ ಬಿಗಿ ಹಿಡಿಯೋದು ಬೇಡ. ಜಾಸ್ತಿ ಹಾಕಿದಷ್ಟೂ ಗಟ್ಟಿ ತಾನೆ?"

"ಎಲ್ಲಿ ಹಾಕಿದರೆ ಮಾಮ?" ಅಂದಳು.

ಎಲ್ಲಿ ಅಂದರೆ? ಕಾಂಕ್ರೀಟಿನ ಒಳಗೆ, ಮತ್ತೆಲ್ಲಿ! ಅವಳು ನಕ್ಕು ಸುಮ್ಮನಾದಳು. ಮಾರನೆಯ ದಿನ ಫೋನ್ ಮಾಡಿ, ಮೂರು ಮರದ ಅಚ್ಚು ಮಾಡಿಸಿಡಿ, ಒಂದು ಮೀಟರ್ ಉದ್ದ, 75 ಮಿಲಿಮೀಟರ್ ಅಗಲ, ಅಷ್ಟೇ ಎತ್ತರ ಎಂದಳು. ಮನೆ ಕಟ್ಟುವ ಮುಂಚೆ ನನ್ನ ಕೈಯಲ್ಲೇ ಮೂರು ಕೋಲು ಎರಕ ಹೊಯ್ಯಿಸಿ, ನನ್ನ ಕೈಯಲ್ಲೇ ಮುರಿಸಬೇಕೆಂಬುದು ಅವಳ ಹಂಚಿಕೆ.

ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಸಣ್ಣ ಜಲ್ಲಿ. ಮೊದಲ ಅಚ್ಚಿಗೆ ಬರೀ ಕಾಂಕ್ರೀಟ್. ಉಳಿದ ಎರಡಕ್ಕೂ ತಲಾ ಒಂದೊಂದು 8 ಮಿಲಿಮೀಟರ್ ಕಂಬಿ. ಅಚ್ಚಿನ ತಳದಿಂದ 15 ಮಿಲಿಮೀಟರ್ ಎತ್ತರದಲ್ಲಿ ನಿಲ್ಲುವಂತೆ ಕಂಬಿಯ ಕೆಳಗೆ ಗಾರೆಯ ಬಿಲ್ಲೆ ಇಟ್ಟು ಕಾಂಕ್ರೀಟ್ ತುಂಬಿದೆವು. ಮರುದಿನ ಅಚ್ಚು ಬಿಚ್ಚಿ, ಮೂರನ್ನೂ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟೆ. ಇಪ್ಪತ್ತೆಂಟು ದಿನ ಮುಟ್ಟುವ ಹಾಗಿಲ್ಲ ಎಂದು ಅಪ್ಪಣೆಯಾಯಿತು.

ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಎಂದುಕೊಂಡಿದ್ದವನಿಗೆ ನೀರಿನಲ್ಲಿ ಮುಳುಗಿಸಿಡುವುದೇ ವಿಚಿತ್ರವಾಗಿ ಕಂಡಿತು. ಅದು ಒಣಗಿ ಗಟ್ಟಿಯಾಗುವುದಲ್ಲವಂತೆ. ಸಿಮೆಂಟು ನೀರಿನ ಜೊತೆ ಕೂಡಿ ಬೇರೆಯೇ ವಸ್ತುವಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳೂ ಅಂಟಿನಂಥ ಪದರಗಳೂ ಬೆಳೆದು ಮರಳು ಜಲ್ಲಿಗಳನ್ನು ಕಚ್ಚಿ ಹಿಡಿಯುತ್ತವೆ. ಆ ಕೂಡಿಕೆ ನಡೆಯುವಾಗ ಬಿಸಿಯೂ ಹುಟ್ಟುತ್ತದೆ. ಏಳು ದಿನಕ್ಕೆ ಸುಮಾರು ಮೂರನೇ ಎರಡು ಭಾಗ ಬಲ ಬಂದಿರುತ್ತದೆ, ಇಪ್ಪತ್ತೆಂಟನೆಯ ದಿನಕ್ಕೆ ಲೆಕ್ಕಕ್ಕೆ ಹಿಡಿಯುವಷ್ಟು ಬಲ. ಆಮೇಲೂ ನಿಧಾನವಾಗಿ ಏರುತ್ತಲೇ ಇರುತ್ತದೆ. ನಡುವೆ ನೀರು ಆರಿಹೋದರೆ ಕೆಲಸ ಅರ್ಧಕ್ಕೇ ನಿಂತ ಹಾಗೆ.

ಇಪ್ಪತ್ತೆಂಟು ದಿನ ಕಾಯುತ್ತಾ ಕೂತವನು ಇದರ ಹಿಂದಿನ ಕಥೆಯನ್ನು ಒಂದಷ್ಟು ಓದಿಕೊಂಡೆ. ನನಗೆ ಹಿಡಿಸಿದ್ದು ಇದನ್ನು ಮೊದಲು ಮಾಡಿದವರಲ್ಲಿ ದೊಡ್ಡ ಎಂಜಿನಿಯರುಗಳು ಕಡಿಮೆ ಎನ್ನುವುದು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ 1824ರಲ್ಲಿ ಪೇಟೆಂಟ್ ಪಡೆದ ಜೋಸೆಫ್ ಆಸ್ಪ್‌ಡಿನ್ ಇಂಗ್ಲೆಂಡಿನ ಗಾರೆ ಕೆಲಸದವ. ಫ್ರಾನ್ಸಿನ ಲಾಂಬೊ ಎಂಬಾತ ತಂತಿಬಲೆಗೆ ಗಾರೆ ಮೆತ್ತಿ ದೋಣಿ ಮಾಡಿ ಅದನ್ನು 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಇಟ್ಟಿದ್ದ. ಜೋಸೆಫ್ ಮೋನಿಯೆ ತೋಟದ ಮಾಲಿ. ಗಿಡ ನೆಡುವ ತೊಟ್ಟಿಗಳು ಒಡೆಯುವುದನ್ನು ತಪ್ಪಿಸಲು ಒಳಗೆ ಕಬ್ಬಿಣದ ಜಾಲರಿ ಇಟ್ಟು ಸಿಮೆಂಟ್ ಮೆತ್ತಿ, 1867ರಲ್ಲಿ ಪೇಟೆಂಟ್ ಪಡೆದ. ಆದರೆ ಕಬ್ಬಿಣ ಒಳಗೆ ಏನು ಕೆಲಸ ಮಾಡುತ್ತದೆ, ಎಲ್ಲಿ ಇದ್ದರೆ ಮಾಡುತ್ತದೆ ಎಂಬುದರ ಲೆಕ್ಕ ಬರಲು ಇನ್ನೂ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಜರ್ಮನಿಯ ಮಥಿಯಾಸ್ ಕೋನೆನ್ ಅದನ್ನು ಬರೆದದ್ದು 1886ರಲ್ಲಿ. ಅಂದರೆ ನಾನು ಕೇಳಿದ ದಡ್ಡ ಪ್ರಶ್ನೆ ಅಷ್ಟೇನೂ ದಡ್ಡದಲ್ಲ ಎಂದು ಸಮಾಧಾನವಾಯಿತು.

ಮುರಿಯುವ ದಿನ ಬಂತು. ಎರಡು ಇಟ್ಟಿಗೆ ಎತ್ತರದ ಎರಡು ಗುಡ್ಡೆ, ನಡುವೆ 90 ಸೆಂಟಿಮೀಟರ್ ಅಂತರ. ಮೇಲೆ ಮೊದಲನೆಯ ಕೋಲು, ಕಂಬಿ ಇಲ್ಲದ್ದು. "ಹತ್ತಿ ಮಾಮ" ಅಂದಳು. ನನ್ನ ತೂಕ 68 ಕಿಲೋ. ನಡುವಿಗೆ ಒಂದು ಕಾಲಿಟ್ಟು ಭಾರ ಬಿಟ್ಟೆ. ಎರಡನೆಯ ಕಾಲು ನೆಲ ಬಿಟ್ಟು ಇನ್ನೂ ಮೇಲೆ ಬಂದಿರಲಿಲ್ಲ, ಟಪ್ ಎಂದು ಎರಡು ತುಂಡಾಗಿ ಬಿತ್ತು. ಬಾಗಲಿಲ್ಲ, ನರಳಲಿಲ್ಲ, ಮುನ್ಸೂಚನೆಯೇ ಇಲ್ಲ. ಸೀಮೆಸುಣ್ಣ ಮುರಿದ ಹಾಗೆ. ಮುರಿದ ಮುಖದಲ್ಲಿ ಜಲ್ಲಿಕಲ್ಲುಗಳು ಅರ್ಧರ್ಧ ಕಾಣುತ್ತಿದ್ದವು.

ಅವಳು ತುಂಡನ್ನು ಎತ್ತಿ ತೋರಿಸಿದಳು. ಕೋಲಿನ ಮೇಲೆ ಭಾರ ಬಿದ್ದಾಗ ಅದು ತೊಟ್ಟಿಲಿನ ಹಾಗೆ ಕೆಳಕ್ಕೆ ಬಾಗಲು ನೋಡುತ್ತದೆ. ಆಗ ಮೇಲ್ಮೈ ಅದುಮಿಕೊಂಡು ಗಿಡ್ಡವಾಗುತ್ತದೆ, ಕೆಳಮೈ ಹಿಗ್ಗಿ ಉದ್ದವಾಗುತ್ತದೆ. ಮೇಲೆ ಒತ್ತು, ಕೆಳಗೆ ಎಳೆತ. ಕಾಂಕ್ರೀಟು ಒತ್ತನ್ನು ಚೆನ್ನಾಗಿ ತಡೆಯುತ್ತದೆ, ಎಳೆತವಾದರೆ ಮಾತ್ರ ಸುಮಾರು ಅದರ ಹತ್ತನೇ ಒಂದು ಪಾಲಿಗೇ ಬಾಯಿ ಬಿಡುತ್ತದೆ. ಹೀಗಾಗಿ ಮೊದಲು ಸೋಲುವುದು ಕೆಳಮೈ. ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ಅದು ಕಣ್ಣೆವೆ ಮುಚ್ಚುವಷ್ಟರಲ್ಲಿ ಮೇಲಿನವರೆಗೂ ಓಡುತ್ತದೆ. ಮೇಲಿನ ಅರ್ಧ ತನ್ನ ಬಲದ ಕಾಲು ಭಾಗವನ್ನೂ ಖರ್ಚು ಮಾಡಿರುವುದಿಲ್ಲ.

ಎರಡನೆಯ ಕೋಲು. ನಾನು ಹತ್ತಿದೆ, ನಿಂತಿತು. ಮೆಲ್ಲಗೆ ಕುಪ್ಪಳಿಸಿದೆ, ನಿಂತಿತು. ಇಳಿದ ಮೇಲೆ ನಡುವಿಗೆ ಅಡ್ಡಲಾಗಿ ಹಲಗೆ ಇಟ್ಟು, ಇಬ್ಬರು ಆಚೀಚೆ ಹಿಡಿದುಕೊಂಡು, 50 ಕಿಲೋದ ಸಿಮೆಂಟ್ ಚೀಲಗಳನ್ನು ಒಂದೊಂದಾಗಿ ಏರಿಸಿದೆವು. ಎರಡನೆಯ ಚೀಲ ಕೂತಾಗ ಅವಳು ಒದ್ದೆ ಬಟ್ಟೆಯಿಂದ ಕೋಲಿನ ಪಕ್ಕವನ್ನು ಒರೆಸಿ, ಕೂತು ನೋಡಿ ಅಂದಳು. ಮೇಲ್ಮೈಯ ನೀರು ಆರುತ್ತಿದ್ದ ಹಾಗೆ ತಳದಿಂದ ಮೇಲಕ್ಕೆ ಒಂದು ತೇವದ ಗೆರೆ ಉಳಿಯಿತು, ಪೆನ್ಸಿಲಿನಲ್ಲಿ ಎಳೆದ ಹಾಗೆ. ಬಿರುಕು! ನಾನು ಚೀಲ ಇಳಿಸಲು ಕೈ ಹಾಕಿದೆ.

"ಇರಲಿ ಮಾಮ, ಇನ್ನು ಶುರು ಅಷ್ಟೆ."

ನನಗೆ ಇವತ್ತಿಗೂ ನಂಬಲು ಕಷ್ಟವಾಗುವ ಸಂಗತಿ ಇದೇ. ಕಂಬಿ ಇದ್ದ ಕೋಲೂ ಹೆಚ್ಚುಕಡಿಮೆ ಕಂಬಿ ಇಲ್ಲದ ಕೋಲು ಮುರಿದ ಭಾರಕ್ಕೇ ಬಿರುಕು ಬಿಟ್ಟಿತ್ತು. ಅಂದರೆ ಕಂಬಿ ಬಿರುಕನ್ನು ತಡೆಯುವುದೇ ಇಲ್ಲ. ಬಿರುಕು ಬಿಡುವ ತನಕ ಅದು ಒಳಗೆ ಬಹುಪಾಲು ಸುಮ್ಮನೆ ಮಲಗಿರುತ್ತದೆ. ಬಿರುಕು ಬಿಟ್ಟ ಗಳಿಗೆಯಲ್ಲಿ ಅಲ್ಲಿಯವರೆಗೆ ಕಾಂಕ್ರೀಟು ಹೊತ್ತಿದ್ದ ಎಳೆತ ಪೂರ್ತಿ ಕಂಬಿಯ ತಲೆ ಮೇಲೆ ಬೀಳುತ್ತದೆ. ಅದು ಬಿಗಿಹಿಡಿದು ಬಿರುಕಿನ ಬಾಯಿ ಅಗಲವಾಗದಂತೆ ಕಾಯುತ್ತದೆ. ನಾವು ಓಡಾಡುವ ಬೀಮು, ಸ್ಲ್ಯಾಬುಗಳಲ್ಲಿ ಬಹಳಷ್ಟು ಹೀಗೆ ಕಣ್ಣಿಗೆ ಕಾಣದ ಬಿರುಕುಗಳನ್ನು ಹೊತ್ತುಕೊಂಡೇ ಕೆಲಸ ಮಾಡುತ್ತವೆ. 0.3 ಮಿಲಿಮೀಟರಿನವರೆಗಿನ ಬಿರುಕನ್ನು ಎಂಜಿನಿಯರುಗಳು ಸಾಮಾನ್ಯವಾಗಿ ದೋಷವೆಂದು ಎಣಿಸುವುದೇ ಇಲ್ಲ. ಆರು ಚೀಲ, ಅಂದರೆ 300 ಕಿಲೋ ಹೇರಿದೆವು. ನಡು ಎರಡು ಮೂರು ಮಿಲಿಮೀಟರ್ ಇಳಿಯಿತು, ಗೆರೆಗಳು ಐದಾರಾದವು. ಕೋಲು ಮುರಿಯಲಿಲ್ಲ. ಚೀಲ ಹೊತ್ತವರಿಗೇ ಸಾಕಾಯಿತು.

ಮೂರನೆಯ ಕೋಲನ್ನು ನಾನೇ ಎತ್ತಿಟ್ಟೆ. ಅಚ್ಚಿನ ತಳಕ್ಕಿದ್ದ ಮುಖ ನುಣ್ಣಗಿತ್ತು, ಕರಣಿ ಆಡಿಸಿದ ಮುಖ ಒರಟಾಗಿತ್ತು. ನುಣುಪಾದದ್ದು ಮೇಲಿದ್ದರೆ ಚೆಂದ ಎಂದು ಹಾಗೇ ಮಲಗಿಸಿದೆ. ಅವಳು ನೋಡಿದಳು, ಏನೂ ಹೇಳಲಿಲ್ಲ. ಒಂದು ಚೀಲ. ಎರಡನೆಯದು ಕೂರುತ್ತಿದ್ದ ಹಾಗೆ ಅದೇ ಟಪ್. ಈ ಸಲ ಎರಡು ತುಂಡಾಗಲಿಲ್ಲ. ತಳದಿಂದ ಬಾಯಿ ಬಿಟ್ಟ ಬಿರುಕು ಮೇಲಿನ ತುದಿಗೆ ಬೆರಳಗಲ ಉಳಿಸಿ ನಿಂತಿತು. ಕೋಲು ಮುರಿದ ರೆಕ್ಕೆಯ ಹಾಗೆ ನಡುವಿನಲ್ಲಿ ಜೋತು, ಮೇಲಿದ್ದ ಕಂಬಿಯೊಂದರ ಮೇಲೆ ನೇತಾಡಿತು. ಅದೇ ಸಿಮೆಂಟು, ಅದೇ ಕಂಬಿ, ಒಂದು ಗ್ರಾಮ್ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ನಾನು ತಲೆಕೆಳಗು ಇಟ್ಟಿದ್ದೆ, ಅಷ್ಟೆ.

"ಎಲ್ಲಿ ಅಂತ ಕೇಳಿದ್ದೆನಲ್ಲ ಮಾಮ" ಎಂದಳು.

ಕಂಬಿ ಕಟ್ಟುವ ಮೇಸ್ತ್ರಿ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಇದನ್ನೆಲ್ಲ ಅವರು ಓದಿದವರಲ್ಲ, ಆದರೆ ಮೂವತ್ತು ವರ್ಷ ಕಟ್ಟಿದವರು. ಅವರು ಹೇಳಿದ ಸೂತ್ರ ಪುಸ್ತಕಕ್ಕಿಂತ ಚೆನ್ನಾಗಿತ್ತು: "ತೊಟ್ಟಿಲಾಗಿ ಬಾಗೋದಕ್ಕೆ ಕಂಬಿ ಕೆಳಗೆ, ಕಮಾನಾಗಿ ಬಾಗೋದಕ್ಕೆ ಕಂಬಿ ಮೇಲೆ. ಇಷ್ಟು ನೆನಪಿಟ್ಕೊಳ್ಳಿ ಸಾರ್." ಅಲ್ಲಿಂದ ಮುಂದೆ ಸೈಟಿನಲ್ಲಿ ನನಗೆ ಅದೇ ಆಟವಾಯಿತು. ಪ್ರತಿ ಭಾಗವನ್ನೂ ನೋಡಿ, ಇದು ತೊಟ್ಟಿಲೋ ಕಮಾನೋ ಎಂದು ಮೊದಲು ನಾನೇ ಊಹಿಸುವುದು, ಆಮೇಲೆ ಕಂಬಿ ಎಲ್ಲಿದೆ ಎಂದು ನೋಡುವುದು.

ಫುಟಿಂಗಿನಲ್ಲಿ, ಅಂದರೆ ಪಿಲ್ಲರಿನ ಬುಡದ ಅಗಲವಾದ ಕಾಂಕ್ರೀಟ್ ಪಾದದಲ್ಲಿ, ಸೋತೆ. ಮೇಲಿಂದ ಪಿಲ್ಲರ್ ಒತ್ತುತ್ತದೆ, ಹಾಗಾಗಿ ಅಂಚುಗಳು ಕೆಳಗೆ ಬಾಗಿ ಕಮಾನಾಗುತ್ತವೆ, ಜಾಲರಿ ಮೇಲಿರಬೇಕು ಎಂದುಕೊಂಡೆ. ನೋಡಿದರೆ ಜಾಲರಿ ತಳದಲ್ಲಿ. ನೆಲ ಕೆಳಗಿನಿಂದ ಮೇಲಕ್ಕೆ ತಳ್ಳುವುದನ್ನು ನಾನು ಮರೆತಿದ್ದೆ. ಆ ತಳ್ಳುವಿಕೆಗೆ ಫುಟಿಂಗಿನ ಅಂಚುಗಳು ಮೇಲಕ್ಕೆ ಮಡಚಿಕೊಳ್ಳಲು ನೋಡುತ್ತವೆ, ತೊಟ್ಟಿಲಿನ ಹಾಗೇ. ಬೀಮಿನಲ್ಲಿ ಅರ್ಧ ಗೆದ್ದೆ. ಎರಡು ಪಿಲ್ಲರ್ ನಡುವೆ ಕಂಬಿ ಕೆಳಗೆ, ಸರಿ. ಆದರೆ ಅದೇ ಬೀಮು ಪಿಲ್ಲರ್ ದಾಟಿ ಮುಂದೆ ಹೋಗುವ ಜಾಗದಲ್ಲಿ ಅದು ಪಿಲ್ಲರಿನ ಮೇಲೆ ಕಮಾನಾಗಿ ಬಾಗುತ್ತದೆ. ಅಲ್ಲಿಗಷ್ಟೇ ಮೇಲ್ಭಾಗದಲ್ಲಿ ಹೆಚ್ಚುವರಿ ಕಂಬಿ ಕಟ್ಟಿದ್ದರು.

ಪಿಲ್ಲರ್ ವಿಷಯದಲ್ಲಿ ಬೇರೆಯೇ ಅನುಮಾನ. ಅದರ ಮೇಲೆ ಬೀಳುವುದು ಬರೀ ಒತ್ತು, ಒತ್ತಿಗೆ ಕಾಂಕ್ರೀಟೇ ಸಾಕಲ್ಲ? ಸಾಕು, ಭಾರ ನೇರವಾಗಿ ನಡುನೆತ್ತಿಗೇ ಬಿದ್ದರೆ. ಬೀಮುಗಳು ಪಕ್ಕಕ್ಕೆ ಜಗ್ಗುತ್ತವೆ, ಗಾಳಿ ಇದೆ, ಭೂಕಂಪ ಇದೆ. ಪಿಲ್ಲರೂ ಆಗಾಗ ಬಾಗಬೇಕಾಗುತ್ತದೆ, ಯಾವ ಕಡೆಗೆಂದು ಮೊದಲೇ ಹೇಳಲಾಗದು. ಅದಕ್ಕೇ ಸುತ್ತಲೂ ಕಂಬಿ. ಸುತ್ತ ತೊಡಿಸುವ ರಿಂಗುಗಳ ಮೇಲೆ ಅವಳಿಗೆ ಇದ್ದ ಹಠ ಮೊದಲು ನನಗೆ ಅತಿ ಅನಿಸಿತ್ತು. ರಿಂಗಿನ ಎರಡು ತುದಿಗಳನ್ನು 90 ಡಿಗ್ರಿಗೆ ಮಡಚಿ ಬಿಟ್ಟಿದ್ದ ಒಂದು ರಾಶಿಯನ್ನೇ ವಾಪಸ್ ಕಳಿಸಿ, 135 ಡಿಗ್ರಿಗೆ, ಅಂದರೆ ಕೊಕ್ಕೆ ಪಿಲ್ಲರಿನ ಒಡಲೊಳಕ್ಕೆ ಚುಚ್ಚುವ ಹಾಗೆ ಮಡಚಿಸಿದಳು. ಜೋರು ಅಲುಗಾಟದಲ್ಲಿ ಹೊರಗಿನ ಕಾಂಕ್ರೀಟ್ ಸಿಪ್ಪೆ ಉದುರಿದರೆ 90 ಡಿಗ್ರಿಯ ಕೊಕ್ಕೆ ಬಿಚ್ಚಿಕೊಳ್ಳುತ್ತದೆ. ರಿಂಗ್ ಬಿಚ್ಚಿದರೆ ಉದ್ದದ ಕಂಬಿಗಳು ಹೊರಕ್ಕೆ ಬಾಗುತ್ತವೆ, ಒಳಗಿನ ಕಾಂಕ್ರೀಟ್ ಪುಡಿಯಾಗುತ್ತದೆ. ಬೀಮಿನ ರಿಂಗುಗಳದ್ದು ಇನ್ನೊಂದು ಕೆಲಸ: ಬೀಮಿನ ತುದಿಗಳ ಹತ್ತಿರ ಬಿರುಕು ನೆಟ್ಟಗೆ ಬರದೆ ಓರೆಯಾಗಿ ಬರುತ್ತದೆ. ಉದ್ದದ ಕಂಬಿ ಅದಕ್ಕೆ ಸರಿಯಾಗಿ ಅಡ್ಡ ಬರುವುದಿಲ್ಲ, ನಿಂತ ರಿಂಗು ಬರುತ್ತದೆ. ಪಿಲ್ಲರಿನ ಹತ್ತಿರ ರಿಂಗುಗಳನ್ನು ಒತ್ತೊತ್ತಾಗಿ, ನಡುವೆ ವಿರಳವಾಗಿ ಕಟ್ಟುವುದು ಅದಕ್ಕೇ. ಫ್ರಾನ್ಸಿನ ಎನೆಬಿಕ್ 1892ರಲ್ಲಿ ಪಡೆದ ಪೇಟೆಂಟಿನಲ್ಲೇ ಇಂಥ ರಿಂಗುಗಳಿದ್ದವು. ಅಲ್ಲಿಂದ ಹನ್ನೊಂದೇ ವರ್ಷಕ್ಕೆ, 1903ರಲ್ಲಿ, ಅಮೆರಿಕದ ಸಿನ್ಸಿನಾಟಿಯಲ್ಲಿ ಕಂಬಿ ಕಾಂಕ್ರೀಟಿನ 16 ಅಂತಸ್ತಿನ ಇಂಗಲ್ಸ್ ಕಟ್ಟಡ ಎದ್ದು ನಿಂತಿತು.

ಕಂಬಿ ಕಟ್ಟುವ ತಂತಿಯ ಬಗ್ಗೆಯೂ ನನ್ನದು ತಪ್ಪು ಕಲ್ಪನೆ. ಎರಡು ಕಂಬಿ ಜೋಡಿಸುವಲ್ಲಿ ಒಂದರ ಪಕ್ಕ ಇನ್ನೊಂದನ್ನು ಮಲಗಿಸಿ, ತಂತಿ ಸುತ್ತಿ ಬಿಟ್ಟಿದ್ದರು. ಇಷ್ಟು ತೆಳು ತಂತಿ ಹೇಗೆ ಎಳೆತ ತಡೆದೀತು ಎಂದು ಕೇಳಿದೆ. ತಡೆಯುವುದಿಲ್ಲ. ತಂತಿ ಇರುವುದು ಕಾಂಕ್ರೀಟ್ ಬೀಳುವವರೆಗೆ ಕಂಬಿ ಜರುಗದಿರಲಿ ಎಂದು ಮಾತ್ರ. ಆಮೇಲೆ ಒಂದು ಕಂಬಿಯ ಎಳೆತ ಅದರ ಏಣುಗಳ ಮೂಲಕ ಸುತ್ತಲಿನ ಕಾಂಕ್ರೀಟಿಗೆ, ಕಾಂಕ್ರೀಟಿನಿಂದ ಪಕ್ಕದ ಕಂಬಿಗೆ ದಾಟುತ್ತದೆ. ದಾಟಲು ಉದ್ದ ಬೇಕು. ಸಾಮಾನ್ಯವಾಗಿ ಕಂಬಿಯ ದಪ್ಪದ ಸುಮಾರು 50 ಪಟ್ಟು, ಅಂದರೆ 12 ಮಿಲಿಮೀಟರ್ ಕಂಬಿಗೆ 600 ಮಿಲಿಮೀಟರ್. ಈ ಹಿಡಿತವೇ ಇಡೀ ವ್ಯವಸ್ಥೆಯ ಜೀವ. ಗ್ರೀಸ್ ಸವರಿದ ಕಂಬಿ ಹಾಕಿದ್ದರೆ ನನ್ನ ಎರಡನೆಯ ಕೋಲೂ ಬೇಗನೆ ಕೈಕೊಡುತ್ತಿತ್ತು.

ಹಿಡಿತ ಉಳಿಯುವುದಕ್ಕೆ ಒಂದು ಆಕಸ್ಮಿಕ ಹೊಂದಾಣಿಕೆಯೂ ಒದಗಿ ಬಂದಿದೆ. ಬಿಸಿಲಿಗೆ ಎರಡೂ ಹಿಗ್ಗುವುದು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ. ಹತ್ತು ಮೀಟರ್ ಉದ್ದ, 30 ಡಿಗ್ರಿ ಬಿಸಿ ಏರಿದರೆ ಉಕ್ಕು ಸುಮಾರು 3.6 ಮಿಲಿಮೀಟರ್ ಬೆಳೆಯುತ್ತದೆ, ಕಾಂಕ್ರೀಟು ಸುಮಾರು 3. ಅಲ್ಯೂಮಿನಿಯಂ ಆಗಿದ್ದರೆ 7ರ ಹತ್ತಿರ ಹೋಗುತ್ತಿತ್ತು, ಎತ್ತು ಏರಿಗೆ ಕೋಣ ನೀರಿಗೆ ಎಂಬಂತಾಗಿ ಒಳಗೇ ಒಂದನ್ನೊಂದು ಹರಿದುಹಾಕುತ್ತಿದ್ದವು.

ಕಬ್ಬಿಣ ಜಾಸ್ತಿ ಹಾಕುವ ನನ್ನ ಆಸೆಗೂ ಉತ್ತರ ಸಿಕ್ಕಿತು. ಒಂದು ಬೀಮಿಗೆ ಇನ್ನೆರಡು ಕಂಬಿ ಸೇರಿಸಿಬಿಡೋಣ ಎಂದು ನಾನೂ ಮೇಸ್ತ್ರಿಯೂ ಒಳಗೊಳಗೇ ಮಾತಾಡಿಕೊಂಡಿದ್ದೆವು. ಅವಳಿಗೆ ಗೊತ್ತಾಗಿ ಸಿಟ್ಟಾದಳು. ಬೀಮು ಸೋಲುವುದೇ ಆದರೆ ಕಂಬಿ ಮೊದಲು ಸೋಲಬೇಕಂತೆ. ಉಕ್ಕು ಸೋಲುವಾಗ ಜಗ್ಗುತ್ತಾ ಜಗ್ಗುತ್ತಾ ಸೋಲುತ್ತದೆ. ಬಿರುಕು ಅಗಲವಾಗುತ್ತದೆ, ಬೀಮು ಜೋತುಬೀಳುತ್ತದೆ, ಮನೆಯವರಿಗೆ ಹೊರಗೋಡಲು ಸಮಯ ಸಿಗುತ್ತದೆ. ಕಂಬಿ ಅತಿಯಾದರೆ ಅದು ಸೋಲುವ ಮೊದಲೇ ಮೇಲಿನ ಕಾಂಕ್ರೀಟು ನುಚ್ಚಾಗುತ್ತದೆ. ಅದು ಹೇಳಿ ಕೇಳಿ ಬರುವುದಿಲ್ಲ, ನನ್ನ ಮೊದಲ ಕೋಲಿನ ಹಾಗೆ. ಮೇಲಾಗಿ ಕಂಬಿ ಒತ್ತೊತ್ತಾದರೆ ಜಲ್ಲಿ ಇಳಿಯದೆ ಒಳಗೆ ಜೇನುಗೂಡಿನಂತೆ ಪೊಳ್ಳು ಉಳಿಯುತ್ತದೆ. ಲೆಕ್ಕಪತ್ರದ ಕೆಲಸ ಮಾಡಿದ ನನಗೆ, ಹೆಚ್ಚಿಗೆ ಜಮಾ ಮಾಡಿದರೆ ದಿವಾಳಿಯಾಗುವ ಖಾತೆಯೊಂದು ಇರಬಹುದೆಂದು ಅಂದೇ ಗೊತ್ತಾದದ್ದು.

ಮೋಲ್ಡ್ ಹಾಕುವ, ಅಂದರೆ ಚಾವಣಿಗೆ ಕಾಂಕ್ರೀಟ್ ಸುರಿಯುವ ದಿನ ಬೆಳಕು ಹರಿಯುವ ಮುಂಚೆಯೇ ಮಿಕ್ಸರ್ ಸದ್ದು ಶುರುವಾಯಿತು. ಸೆಂಟ್ರಿಂಗಿನ ಹಲಗೆಗಳ ಮೇಲೆ ಕಂಬಿಯ ಜಾಲರಿ, ಅದರ ಕೆಳಗೆ ನನ್ನ ಕೋಲುಗಳಿಗೆ ಇಟ್ಟ ಬಿಲ್ಲೆಗಳಂಥ 20 ಮಿಲಿಮೀಟರಿನ ಕವರ್ ಬ್ಲಾಕುಗಳು. ಹಿಂದಿನ ಸಂಜೆ ಟಾರ್ಚ್ ಹಿಡಿದು, ಬ್ಲಾಕ್ ಜಾರಿ ಕಂಬಿ ಹಲಗೆಗೆ ತಾಗಿದ ಒಂಬತ್ತು ಕಡೆ ನಾನೇ ಸರಿಪಡಿಸಿದ್ದೆ. ಹೆಮ್ಮೆಯಿಂದ ಒಂದು ಮೂಲೆಯಲ್ಲಿ ನಿಂತಿದ್ದೆ.

ಮೊದಲ ಜಗಳ ನೀರಿನದ್ದು. ಒಂದು ಚೀಲ ಸಿಮೆಂಟಿಗೆ 25 ಲೀಟರ್ ಎಂದು ಅವಳು ಗುರುತು ಹಾಕಿದ ಬಕೆಟ್ ಇಟ್ಟಿದ್ದಳು. ಬಿಸಿಲೇರುತ್ತಿದ್ದ ಹಾಗೆ ಮಾಲು ಗಟ್ಟಿ ಆಗ್ತಿದೆ ಎಂದು ಮಿಕ್ಸರ್ ಹತ್ತಿರದವನು ಆಗಾಗ ಇನ್ನರ್ಧ ಬಕೆಟ್ ಸುರಿಯತೊಡಗಿದ. ಸುರಿದರೆ ಸಲೀಸಾಗಿ ಹರಿಯುತ್ತದೆ, ಕೈಗೆ ಕೆಲಸ ಹಗುರ. ಆದರೆ ಸಿಮೆಂಟು ತನ್ನಲ್ಲಿ ಕೂಡಿಸಿಕೊಳ್ಳುವುದು ತನ್ನ ತೂಕದ ಕಾಲು ಭಾಗದಷ್ಟು ನೀರನ್ನು ಮಾತ್ರ. ಉಳಿದದ್ದು ಕಲಸಲು, ಹರಡಲು ಅನುಕೂಲಕ್ಕೆ. ಕೂಡದ ನೀರು ಮುಂದೆ ಆವಿಯಾಗಿ ಹೋದ ಜಾಗದಲ್ಲಿ ಸೂಜಿಮೊನೆಗಿಂತ ಸಣ್ಣ ರಂಧ್ರಗಳು ಉಳಿಯುತ್ತವೆ. ನೀರು ಹೆಚ್ಚಿದಷ್ಟೂ ಬಲ ಇಳಿಯುತ್ತದೆ ಎಂಬ ನಿಯಮವನ್ನು ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲೇ ಬರೆದಿಟ್ಟಿದ್ದ. ಅವಳು 30 ಸೆಂಟಿಮೀಟರ್ ಎತ್ತರದ ಕೊಳವೆಗೆ ಮಾಲು ತುಂಬಿ, ಕುಟ್ಟಿ, ಕೊಳವೆಯನ್ನು ಮೇಲಕ್ಕೆಳೆದಳು. ಗೋಪುರ ಕುಸಿದು ಅರ್ಧಕ್ಕೂ ಕೆಳಗಿಳಿಯಿತು. ಆ ಮಾಲನ್ನು ಮೇಲಕ್ಕೆ ಬಿಡಲಿಲ್ಲ. ಬಕೆಟ್ಟಿನ ಹತ್ತಿರ ನನ್ನನ್ನೇ ಕಾವಲು ಕೂರಿಸಿದಳು.

ಹಾಗೆ ಕೆಳಗೆ ಕೂತವನಿಗೆ ಮೇಲೆ ನಡೆಯುತ್ತಿದ್ದದ್ದು ಕಾಣಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಕೂಗು ಕೇಳಿ ಏಣಿ ಹತ್ತಿದೆ. ಬಾಲ್ಕನಿ ಗೋಡೆಯಿಂದ 1.2 ಮೀಟರ್ ಹೊರಕ್ಕೆ ಚಾಚಿಕೊಂಡಿದೆ. ಅದರ ತುದಿಗೆ ಯಾವ ಆಸರೆಯೂ ಇಲ್ಲ. ಭಾರ ಬಿದ್ದರೆ ತುದಿ ಕೆಳಗಿಳಿದು, ಗೋಡೆಯ ಮೇಲೆ ಕಮಾನಾಗುತ್ತದೆ. ಎಳೆತ ಬರುವುದು ಮೇಲ್ಮೈಗೆ. ಆದ್ದರಿಂದ ಕಂಬಿಗಳು 125 ಮಿಲಿಮೀಟರ್ ದಪ್ಪದ ಸ್ಲ್ಯಾಬಿನ ಮೇಲ್ಭಾಗದಲ್ಲಿ ಇರಬೇಕು. ಅಷ್ಟೇ ಅಲ್ಲ, ಹಿಂದಕ್ಕೆ ಮನೆಯೊಳಗಿನ ಸ್ಲ್ಯಾಬಿನಲ್ಲಿ ಸುಮಾರು 1.8 ಮೀಟರ್ ಬೇರೂರಿರಬೇಕು. ಹಿಂದಿನ ಸಂಜೆ ಎಲ್ಲ ಸರಿಯಾಗಿತ್ತು, ಕುರ್ಚಿಯಾಕಾರದ ಕಂಬಿತುಂಡುಗಳ ಮೇಲೆ ಜಾಲರಿ ಎತ್ತರದಲ್ಲಿ ನಿಂತಿತ್ತು. ಬೆಳಗಿನಿಂದ ಬಾಂಡಲಿ ಹೊತ್ತವರು ಆ ಜಾಲರಿಯನ್ನೇ ದಾರಿ ಮಾಡಿಕೊಂಡಿದ್ದರು. ನೂರು ಸಲ ಹೆಜ್ಜೆ ಬಿದ್ದು ಕುರ್ಚಿಗಳು ಮಗುಚಿ, ಗೋಡೆಯ ಹತ್ತಿರವೇ, ಎಲ್ಲಿ ಎಳೆತ ಅತಿ ಹೆಚ್ಚೋ ಅಲ್ಲೇ, ಕಂಬಿ ನಾಲ್ಕು ಬೆರಳಿನಷ್ಟಲ್ಲದಿದ್ದರೂ ಎರಡು ಬೆರಳು ದಪ್ಪ ಕೆಳಗೆ ಕೂತಿತ್ತು. ಅರ್ಧ ಬಾಲ್ಕನಿಗೆ ಕಾಂಕ್ರೀಟ್ ಸುರಿದೂ ಆಗಿತ್ತು.

ಅವಳು ಸ್ಟೀಲ್ ಸ್ಕೇಲನ್ನು ಹಸಿ ಕಾಂಕ್ರೀಟಿಗೆ ಚುಚ್ಚಿ, ತುದಿ ಕಂಬಿಗೆ ತಾಗಿದಾಗ ಹೆಬ್ಬೆರಳಿನಿಂದ ಗುರುತು ಹಿಡಿದು ಎತ್ತಿ ತೋರಿಸಿದಳು. ತಳದಿಂದ ಕಂಬಿಯ ನಡುವಿನವರೆಗೆ 100 ಮಿಲಿಮೀಟರ್ ಇರಬೇಕಾದ್ದು 60 ಇತ್ತು. ಬಾಗುವಿಕೆಯನ್ನು ತಡೆಯುವ ಬಲ ಹೆಚ್ಚುಕಡಿಮೆ ಆ ಅಂತರದ ಲೆಕ್ಕದಲ್ಲೇ ಇಳಿಯುತ್ತದೆ. ಅಂದರೆ ನೂರರಲ್ಲಿ ನಲವತ್ತು ಪಾಲು ಅಲ್ಲೇ ಹೋಗಿತ್ತು. ಇನ್ನೂ ಕೆಳಗಿಳಿದಿದ್ದರೆ ನನ್ನ ಮೂರನೆಯ ಕೋಲೇ ಸರಿ. ಮೇಲೆ ನುಣ್ಣಗೆ ಗಾರೆ ಎಳೆದುಬಿಟ್ಟ ಮೇಲೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನು ಬಕೆಟ್ ಕಾಯುತ್ತಾ, ಎಲ್ಲ ನನಗೆ ಗೊತ್ತು ಎಂಬ ಭಾವದಲ್ಲಿ ಕೂತಿದ್ದೆ.

"ಸ್ವಲ್ಪ ತಾನೆ ಮೇಡಂ, ಕಂಬಿ ಇದೆಯಲ್ಲ ಒಳಗೆ" ಎಂದ ಗುತ್ತಿಗೆದಾರ. ಒಂದೆರಡು ತಿಂಗಳ ಹಿಂದೆ ನಾನೂ ಅದನ್ನೇ ಹೇಳುತ್ತಿದ್ದೆ. ಈಗ ನಾನೇ ಜಗಳಕ್ಕೆ ನಿಂತೆ. ಕೊನೆಗೆ ಸುರಿದದ್ದನ್ನು ಗಟ್ಟಿಯಾಗುವ ಮುಂಚೆ ಸಲಿಕೆಯಲ್ಲಿ ಬಾಚಿ ತೆಗೆಸಿದರು. ಮೇಸ್ತ್ರಿ ಕಂಬಿಯನ್ನು ಕೊಕ್ಕೆಯಲ್ಲಿ ಎತ್ತಿ, ಹೊಸ ಕುರ್ಚಿಗಳನ್ನು ಹತ್ತಿರ ಹತ್ತಿರವಾಗಿ ಇಟ್ಟು ಕಟ್ಟಿದರು. ಓಡಾಡಲು ಜಾಲರಿಗೆ ತಾಗದ ಹಾಗೆ ಹಲಗೆಯ ಸೇತುವೆ ಹಾಸಿದರು. ಮತ್ತೆ ಮಾಲು ಬಿತ್ತು, ವೈಬ್ರೇಟರ್ ಇಳಿಯಿತು, ಗುಳ್ಳೆಗಳು ಗೊಳಗೊಳ ಮೇಲೆದ್ದವು. ನಾನು ಬಕೆಟ್ಟನ್ನು ಇನ್ನೊಬ್ಬರಿಗೆ ಒಪ್ಪಿಸಿ, ಕಡೆಯವರೆಗೂ ಬಾಲ್ಕನಿ ಬಿಟ್ಟು ಕದಲಲಿಲ್ಲ. ಸ್ಕೇಲ್ ಚುಚ್ಚಿ ಚುಚ್ಚಿ ನೋಡುತ್ತಿದ್ದೆ.

ಮಾರನೆಯ ದಿನದಿಂದ ಸ್ಲ್ಯಾಬಿನ ಮೇಲೆ ಗದ್ದೆಯ ಹಾಗೆ ಬದು ಕಟ್ಟಿ ನೀರು ನಿಲ್ಲಿಸುವ ಕೆಲಸ ನನ್ನದಾಯಿತು. ಆ ಬಿಡುವಿನ ಒಂದು ಸಂಜೆ ಕಿಟಕಿ ಕಟ್ಟೆಯ ಮೇಲಿಂದ ಎತ್ತಿಟ್ಟುಕೊಂಡಿದ್ದ ಹಳೆಯ ಚಕ್ಕೆಯನ್ನು ಅವಳಿಗೆ ಕೊಟ್ಟೆ. ಕೆಡವುವಾಗ ಅದೇ ಜಾಗದಿಂದ ತೆಗೆದಿಟ್ಟಿದ್ದ ಇನ್ನೂ ದೊಡ್ಡ ತುಂಡೊಂದು ಇತ್ತು. ಅದನ್ನು ಸುತ್ತಿಗೆಯಲ್ಲಿ ಒಡೆದು, ಹೊಸ ಮುಖದ ಮೇಲೆ, ಕ್ಷಾರ ತಾಗಿದರೆ ಗುಲಾಬಿಯಾಗುವ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದಳು. ಒಳಭಾಗ ಕ್ಷಣದಲ್ಲಿ ಕಡುಗುಲಾಬಿಯಾಯಿತು. ಹೊರಮುಖದಿಂದ ಎರಡೂವರೆ ಸೆಂಟಿಮೀಟರಿನಷ್ಟು ಆಳದವರೆಗೆ ಮಾತ್ರ ಬಣ್ಣವೇ ಹತ್ತಲಿಲ್ಲ, ಬೂದುಬಣ್ಣದಲ್ಲೇ ಉಳಿಯಿತು. ಕಂಬಿ ಕೂತಿದ್ದ ತೋಡು ಹೊರಮುಖದಿಂದ ಒಂದು ಸೆಂಟಿಮೀಟರೂ ಒಳಗಿರಲಿಲ್ಲ. ಪೂರ್ತಿ ಆ ಬೂದು ಪಟ್ಟಿಯೊಳಗೇ ಇತ್ತು.

ಹೊಸ ಕಾಂಕ್ರೀಟ್ ಬಲವಾದ ಕ್ಷಾರ, ಪಿಎಚ್ 12.5ಕ್ಕೂ ಮೇಲೆ. ಅಂಥ ಕ್ಷಾರದಲ್ಲಿ ಉಕ್ಕಿನ ಮೈಮೇಲೆ ತೆಳ್ಳನೆಯ ರಕ್ಷಾಪೊರೆಯೊಂದು ತಾನಾಗೇ ಕಟ್ಟುತ್ತದೆ, ತುಕ್ಕು ಹತ್ತಿರ ಸುಳಿಯುವುದಿಲ್ಲ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ರಂಧ್ರಗಳ ಮೂಲಕ ವರ್ಷ ವರ್ಷ ಒಂದಿಷ್ಟು ಒಳಸರಿದು ಆ ಕ್ಷಾರವನ್ನು ತಿನ್ನುತ್ತಾ ಬರುತ್ತದೆ. ಅದರ ಗಡಿ ಕಂಬಿಯನ್ನು ಮುಟ್ಟಿದ ದಿನ ಪೊರೆ ಹೋಗುತ್ತದೆ. ಆಮೇಲೆ ತೇವ ಸಿಕ್ಕರೆ ಸಾಕು. ತುಕ್ಕು ತಾನು ಹುಟ್ಟಿದ ಉಕ್ಕಿಗಿಂತ ಎರಡು ಪಟ್ಟಿನಿಂದ ಆರು ಪಟ್ಟಿನವರೆಗೆ ಜಾಗ ಬೇಡುತ್ತದೆ. ಒಳಗಿನಿಂದ ತಳ್ಳಿ ಕಾಂಕ್ರೀಟಿನ ಚಕ್ಕೆ ಎಬ್ಬಿಸುತ್ತದೆ, ಕೆಳಗೆ ಕೂತು ಲೆಕ್ಕ ಬರೆಯುವವನ ಪಕ್ಕಕ್ಕೆ ಉದುರಿಸುತ್ತದೆ. ಹಳೆಯ ಮನೆಯವರು ಕಬ್ಬಿಣಕ್ಕೆ ಕಡಿಮೆ ಮಾಡಿರಲಿಲ್ಲ. ಕವರ್ ಬ್ಲಾಕ್ ಇಡದೆ, ಕಂಬಿಯನ್ನು ಹಲಗೆಗೆ ಒರಗಿಸಿ ಕಾಂಕ್ರೀಟ್ ಸುರಿದಿದ್ದರು. ಎರಡು ಸೆಂಟಿಮೀಟರ್ ಮೇಲಿದ್ದಿದ್ದರೆ ಆ ಗಡಿ ಕಂಬಿಯನ್ನು ಮುಟ್ಟಲು ಎಷ್ಟೋ ವರ್ಷ ಹೆಚ್ಚಿಗೆ ಹಿಡಿಯುತ್ತಿತ್ತು.

ಒಳಗಿನ ಸ್ಲ್ಯಾಬುಗಳ ಸೆಂಟ್ರಿಂಗ್ ಮೊದಲು ಬಿಚ್ಚಿದರು, ಅದರಲ್ಲಿ ಹೇಳುವಂಥದ್ದೇನಿಲ್ಲ. ಬಾಲ್ಕನಿಯನ್ನು ಇಪ್ಪತ್ತೆಂಟು ದಿನ ತುಂಬುವವರೆಗೂ ಮುಟ್ಟಗೊಡಲಿಲ್ಲ. ಒಳಗಿನದ್ದಕ್ಕೆ ನಡುವಿನ ಮರದ ಕಂಬಗಳನ್ನು ಮೊದಲು ತೆಗೆದು ಅಂಚಿನ ಕಡೆಗೆ ಹೋಗಿದ್ದರು. ಬಾಲ್ಕನಿಯಲ್ಲಿ ಹಾಗೆ ಮಾಡುವಂತಿಲ್ಲ. ತುದಿಯ ಕಂಬ ಮೊದಲು ಹೋಗಬೇಕು, ಗೋಡೆಯ ಕಡೆಯದು ಕೊನೆಗೆ. ಯಾಕೆಂದು ಕೇಳುವ ಮುಂಚೆ ನನಗೇ ಹೊಳೆಯಿತು. ತುದಿಯ ಕಂಬ ಉಳಿಸಿ ಉಳಿದವನ್ನು ತೆಗೆದರೆ ಚಾಚು ಆಚೀಚೆ ಆಸರೆಯಿರುವ ತೊಟ್ಟಿಲಾಗಿಬಿಡುತ್ತದೆ. ಆಗ ಎಳೆತ ಕೆಳಮೈಗೆ ಬರುತ್ತದೆ, ಕಂಬಿ ಇರುವುದು ಮೇಲೆ.

ತುದಿಯಿಂದ ನೆಲಕ್ಕೆ ತೂಗುಗುಂಡು ಇಳಿಬಿಟ್ಟು, ಅದರ ಮೊನೆಯ ಎತ್ತರಕ್ಕೆ ಪಕ್ಕದಲ್ಲಿ ನೆಟ್ಟ ಗೂಟದ ಮೇಲೆ ಪೆನ್ಸಿಲ್ ಗೆರೆ ಎಳೆದೆ. ಮೇಸ್ತ್ರಿ ತುದಿಯ ಸಾಲಿನ ಬೆಣೆಗಳನ್ನು ಸುತ್ತಿಗೆಯಲ್ಲಿ ತಟ್ಟಿ ಸಡಿಲಿಸಿದರು. ಒಂದು ಕಂಬ ವಾಲಿತು, ಇನ್ನೊಂದು ವಾಲಿತು. ಆಮೇಲೆ ನಡುವಿನ ಸಾಲು, ಕೊನೆಗೆ ಗೋಡೆಯ ಸಾಲು. ಹಲಗೆ ಕಿತ್ತು ಬಿದ್ದಾಗ ಎದ್ದ ಧೂಳು ಅಡಗಿದ ಮೇಲೆ ಗೂಟದ ಹತ್ತಿರ ಕೂತು ನೋಡಿದೆ. ತೂಗುಗುಂಡಿನ ಮೊನೆ ಗೆರೆಗಿಂತ ಎರಡು ಮಿಲಿಮೀಟರ್ ಕೆಳಗಿತ್ತು.

"ಹತ್ತಿ ಮಾಮ" ಅಂದಳು ಮೇಲಿನಿಂದ.